ಎರಡು ದುರ್ಬೀನು, ಒಂದು ಕುತ್ತಿಗೆ

ಮನುಷ್ಯನಿಗೆ ಇರುವುದು ಒಂದೇ ಕುತ್ತಿಗೆ. ಅದಕ್ಕೆ ಎರಡು ದುರ್ಬೀನು ನೇತುಹಾಕಿಕೊಂಡು ತಿರುಗುವವನನ್ನು ಸೂರತ್ತಿನಲ್ಲಿ ಯಾರಾದರೂ ಕಂಡಿದ್ದರೆ ಅದು ನಾನೇ. ಹೆಸರು ಪದ್ಮನಾಭ. ಊರು ಬ್ರಹ್ಮಾವರದ ಹತ್ತಿರ. ಉಧ್ನಾದಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಇಡ್ಲಿ, ದೋಸೆ ಮಾರುತ್ತಿದ್ದೇನೆ. ಭಾನುವಾರ ಹೋಟೆಲಿಗೆ ರಜೆ. ಅವತ್ತು ಬೆಳಗಿನ ಜಾವ ಗವಿಯರ್ ಕೆರೆಗೆ ಹೋಗಿ ಹಕ್ಕಿ ನೋಡುತ್ತೇನೆ. ಗಿರಾಕಿಗಳು ನಗುತ್ತಾರೆ. ನಗಲಿ, ನಕ್ಕವರು ಯಾರೂ ದೋಸೆ ತಿನ್ನದೆ ಹೋಗುವುದಿಲ್ಲ.

ಒಂದು ದೊಡ್ಡದು, ಒಂದು ಚಿಕ್ಕದು. ಎರಡೂ ಎಂಟು ಪಟ್ಟು ಹತ್ತಿರ ತೋರಿಸುತ್ತವೆ, ಎರಡರ ಗಾಜೂ ಮೇಲುದರ್ಜೆಯದು. ದೊಡ್ಡದರ ಮುಂದಿನ ಗಾಜು ನಲವತ್ತೆರಡು ಮಿಲಿಮೀಟರು, ಚಿಕ್ಕದರದು ಇಪ್ಪತ್ತೈದು. ವ್ಯತ್ಯಾಸ ಅಷ್ಟೇ ಎಂದು ಅಂಗಡಿಯವನು ಹೇಳುತ್ತಾನೆ. ಹೇಳದೆ ಏನು, ಹೊತ್ತುಕೊಂಡು ನಡೆಯುವವನು ಅವನಲ್ಲವಲ್ಲ. ದೊಡ್ಡದನ್ನು ಎರಡು ಗಂಟೆ ನೇತುಹಾಕಿಕೊಂಡರೆ ಕುತ್ತಿಗೆಗೆ ರುಬ್ಬುಗುಂಡು ಕಟ್ಟಿದ ಹಾಗಾಗುತ್ತದೆ. ಆದರೆ ಸೂರ್ಯ ಹುಟ್ಟುವ ಮೊದಲೇ ಜೊಂಡಿನೊಳಗೆ ಮುದುಡಿ ನಿಂತ ಹಕ್ಕಿಯ ಕಣ್ಣಿನ ಬಣ್ಣ ಅದು ತೋರಿಸುತ್ತದೆ. ಕನ್ನಡಕ ತೆಗೆಯುವ ರಗಳೆ ಇಲ್ಲ. ಕಣ್ಣಿಗಿಟ್ಟ ಕೂಡಲೇ ಇಡೀ ಕೆರೆ ಎದುರು ಬಂದು ಕೂರುತ್ತದೆ.

ಚಿಕ್ಕದು ಮಡಚಿದರೆ ಅಂಗಿಯ ಜೇಬಿನಲ್ಲಿ ಹಿಡಿಸುತ್ತದೆ. ಅದಕ್ಕೆ ಬೇರೆ ಸೊಕ್ಕು. ಕಣ್ಣು ಕೂದಲೆಳೆಯಷ್ಟು ಜರುಗಿದರೂ ಅಂಚಿನಲ್ಲಿ ಕಪ್ಪು ನೆರಳು. ತೀರಾ ಹಗುರವಾದ್ದರಿಂದ ಕೈ ನಡುಗಿದಷ್ಟೂ ಹಕ್ಕಿ ನಡುಗುತ್ತದೆ. ಮಬ್ಬಿನಲ್ಲಿ ಅದಕ್ಕೂ ನನ್ನ ಹಾಗೆ ಇರುಳುಗಣ್ಣು. ಆದರೂ ವಾರದ ಆರು ದಿನ ಗಲ್ಲಾದ ಪಕ್ಕ ಇರುವುದು ಅದೇ. ಎದುರಿನ ಕಂಬದ ತಂತಿಯ ಮೇಲೆ ಖಾಡಿ ಎನ್ನುವ ಇಲ್ಲಿಯ ತೊರೆಯಿಂದ ಒಂದು ಮಿಂಚುಳ್ಳಿ ಬಂದು ಕೂರುತ್ತದೆ. ಹಾಲಿನವನ ಲೆಕ್ಕ ತಪ್ಪಿದರೂ ನಾನು ಅದನ್ನು ನೋಡುವುದು ತಪ್ಪಿಸುವುದಿಲ್ಲ. ವಾರಕ್ಕೊಮ್ಮೆ ಗಾಜಿನ ಮೇಲೆ ಕೂತ ಎಣ್ಣೆಯ ಪಸೆಯನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸುತ್ತೇನೆ.

ನನ್ನಂಥವನಿಗೆ ಎರಡು ಯಾಕೆ ಎಂದು ಕೇಳಿದರೆ, ಒಂದು ಪ್ರೀತಿಯಿಂದ ಬಂದದ್ದು, ಇನ್ನೊಂದು ಸಿಟ್ಟಿನಿಂದ ಬಂದದ್ದು.

ಮೊದಲು ಇದ್ದದ್ದು ಒಂದೇ, ಅದೂ ದೊಡ್ಡದು. ನೋಡುವವರು ಇಬ್ಬರು, ನಾನು ಮತ್ತು ಮಗಳು ಮನಸ್ವಿನಿ. ಅವಳ ತಾಯಿ ತೀರಿಕೊಂಡಾಗ ಅವಳಿಗೆ ಒಂಬತ್ತು ವರ್ಷ. ಹೋಟೆಲಿನ ಮೇಲಿನ ಎರಡು ಕೋಣೆಯಲ್ಲಿ ನಾವಿಬ್ಬರೇ. ಹಕ್ಕಿಯ ಹುಚ್ಚು ಅವಳಿಗೆ ಶಾಲೆಯಲ್ಲಿ ಹಿಡಿದದ್ದು, ಅವಳಿಂದ ನನಗೆ ಅಂಟಿದ್ದು. ಕೆರೆಯ ದಂಡೆಯಲ್ಲಿ ಕೂತು ಒಂದೇ ದುರ್ಬೀನನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದೆವು. ನನ್ನ ಬಲಗಣ್ಣಿಗೂ ಅವಳ ಬಲಗಣ್ಣಿಗೂ ಹೊಂದುತ್ತಿರಲಿಲ್ಲ. ಪ್ರತಿಸಲ ಬಲಗಡೆಯ ಉಂಗುರ ತಿರುಗಿಸಿಕೊಳ್ಳಬೇಕು. ಅಷ್ಟರಲ್ಲಿ ಹಕ್ಕಿ ಹಾರಿರುತ್ತಿತ್ತು. "ಅಪ್ಪಾ, ನಿಮ್ಮಿಂದ ಹೋಯ್ತು!" ಎಂದು ಅವಳು ಬೈಯುವಳು. ನನ್ನ ಬದುಕಿನ ಒಳ್ಳೆಯ ಭಾನುವಾರಗಳು ಅವು.

ಅವಳು ವಡೋದರಾದಲ್ಲಿ ಪ್ರಾಣಿಶಾಸ್ತ್ರ ಓದಿದಳು. ಅಲ್ಲೇ ಹಕ್ಕಿಗಳ ಸಮೀಕ್ಷೆ ಮಾಡುವ ಒಂದು ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ದುರ್ಬೀನು ನಾನೇ ಅವಳಿಗೆ ಕೊಟ್ಟು ಕಳಿಸಿದೆ. ಮೊದಲ ಸಂಬಳದಲ್ಲಿ ಅವಳು ಈ ಚಿಕ್ಕದನ್ನು ತಂದು ನನ್ನ ಗಲ್ಲಾದ ಮೇಲೆ ಇಟ್ಟಳು.

"ಅಪ್ಪಾ, ನಿಮಗೆ ಇದು ನಡೀತದೆ."

ನನಗೆ ಚುರುಕ್ಕೆಂದಿತು. ದೊಡ್ಡದು ಅವಳಿಗೆ, ಮುದುಕನಿಗೆ ಇಷ್ಟು ಸಾಕು, ಹೇಗೋ ನಡೀತದೆ! ಅದನ್ನು ಪಕ್ಕಕ್ಕೆ ಸರಿಸಿ ಚಿಲ್ಲರೆ ಎಣಿಸತೊಡಗಿದೆ. ಅದೇ ಚಳಿಗಾಲ ಡಭೋಯಿ ಕಡೆಯ ದೊಡ್ಡ ಕೆರೆಯಲ್ಲಿ ಒಂದು ಶನಿವಾರ ಹಕ್ಕಿ ಎಣಿಕೆ ಇತ್ತು. ಬನ್ನಿ ಎಂದಿದ್ದಳು. ಹಿಂದಿನ ದಿನ ಅಡುಗೆಯ ಗುಂಡಪ್ಪನಿಗೆ ಜ್ವರ ಬಂತು. ಬರುವುದು ಕಷ್ಟ ಎಂದು ಫೋನಿನಲ್ಲಿ ಹೇಳಿದೆ. "ಛೇ, ಹೇಗಾದ್ರೂ ಮಾಡಿ ಬನ್ನಿ" ಎನ್ನುತ್ತಾಳೆಂದು ಕಾದೆ. ಅವಳು ಅಂದದ್ದು, "ನೀವು ಬರ್ಲಿಲ್ಲ ಅಂದ್ರೂ ನನಗೆ ನಡೀತದೆ ಅಪ್ಪ."

ಅವತ್ತು ಕೂತಲ್ಲಿಂದ ಎದ್ದವನು ನೇರ ಅಹಮದಾಬಾದಿನ ರೈಲು ಹತ್ತಿದೆ. ಅಲ್ಲಿಯ ಅಂಗಡಿಯಲ್ಲಿ ಇದ್ದ ದೊಡ್ಡ ದುರ್ಬೀನುಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದನ್ನು, ಅವಳ ಹತ್ತಿರ ಇರುವುದಕ್ಕಿಂತ ಒಂದು ಕೈ ಮೇಲಿನದನ್ನು ಕೊಂಡು ತಂದೆ. ಜ್ವರದ ಗುಂಡಪ್ಪನೇ ಎದ್ದು ಸಾಂಬಾರು ಕುದಿಸಿದ, ಪಾಪ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಾರದು ಎಂದು ನಮ್ಮಮ್ಮ ಹೇಳುತ್ತಿದ್ದಳು. ನನ್ನ ಮೂಗಿಗೆ ಅವಳ ಮಾತು ಯಾವತ್ತೂ ತಾಗಿದ್ದಿಲ್ಲ.

ಮರುವರ್ಷವೂ ಎಣಿಕೆಗೆ ಹೋಗಲಿಲ್ಲ. ಆಗ ಗುಂಡಪ್ಪ ಕಲ್ಲಿನ ಹಾಗೆ ಗಟ್ಟಿಮುಟ್ಟಾಗಿದ್ದ. ಆದರೂ ಇಲ್ಲದ ಕೆಲಸ ಹೇಳಿದೆ. ಅವಳು ಮತ್ತೆ "ನಡೀತದೆ" ಅಂದಳು. ಹೀಗೆ ಫೋನಿನ ಮಾತು ಊಟ, ನಿದ್ರೆ, ಔಷಧಿಗೆ ಇಳಿಯಿತು. ಭಾನುವಾರ ಕೆರೆಯ ದಂಡೆಯಲ್ಲಿ ಅಪರೂಪದ ಹಕ್ಕಿ ಕಂಡರೆ ದುರ್ಬೀನನ್ನು ಪಕ್ಕಕ್ಕೆ ಚಾಚುವ ಅಭ್ಯಾಸ ಮಾತ್ರ ಕೈಯಿಂದ ಹೋಗಲಿಲ್ಲ. ಪಕ್ಕದಲ್ಲಿ ಇನ್ನೊಂದು ದುರ್ಬೀನು ಇರುತ್ತಿತ್ತು, ಅಷ್ಟೇ. ದೊಡ್ಡದರಲ್ಲಿ ನೋಡಿ, ಚಿಕ್ಕದರಲ್ಲಿ ನೋಡಿ, ಯಾವುದು ಮೇಲು ಎಂದು ನನ್ನೊಡನೆ ನಾನೇ ವಾದ ಮಾಡುತ್ತಿದ್ದೆ. ಒಂಟಿಯಾದವನಿಗೆ ಜಗಳಕ್ಕೂ ತಾನೇ ಗತಿ.

ಈ ಜನವರಿಯಲ್ಲಿ ಒಂದು ಬುಧವಾರ, ಹನ್ನೊಂದರ ಹೊತ್ತಿಗೆ ಅವಳ ಫೋನು ಬಂತು.

"ಅಪ್ಪಾ, ಭಾನುವಾರ ಎಣಿಕೆ. ರಜೆಯಾದ್ರೂ ನಿಮಗೆ ಸೋಮವಾರಕ್ಕೆ ಹಿಟ್ಟು ರುಬ್ಬುದು ಇರ್ತದೆ, ಗೊತ್ತು. ಬರದಿದ್ರೂ ನಡೀತದೆ."

"ಆಯ್ತು" ಎಂದು ಇಟ್ಟೆ. ಎದುರಿಗೆ ಮಂಥನ್ ನಿಂತಿದ್ದ. ಪಾಂಡೇಸರಾದ ಬಣ್ಣದ ಮಿಲ್ಲಿನಲ್ಲಿ ಗುಮಾಸ್ತ, ಹತ್ತು ವರ್ಷದ ಗಿರಾಕಿ. ಕುಡಿದ ಚಹಾದ ದುಡ್ಡು ಕೊಟ್ಟು ಇಡ್ಲಿ ಪಾರ್ಸೆಲ್ಲು ಕೇಳಿದ. ಇಡ್ಲಿ ಮುಗಿದಿತ್ತು. ಇನ್ನು ಹತ್ತು ನಿಮಿಷ ಕೂತರೆ ಹಬೆಯಿಂದ ಇಳಿಸಿ ಕೊಡುತ್ತೇನೆ ಎಂದು ಒತ್ತಾಯ ಮಾಡಿದೆ. ಅವನು ನನ್ನ ಕೈ ಮುಟ್ಟಿ, ಅಕ್ಕರೆಯಿಂದಲೇ, ಗುಜರಾತಿಯಲ್ಲಿ ಹೇಳಿದ.

"ಅರೇ ಕಾಕಾ, ನಹೀಂ ಹೋಯ್ ತೋಯ್ ಚಾಲಶೇ."

ಇಲ್ಲದಿದ್ದರೂ ನಡೆಯುತ್ತದೆ. ನೀವು ಕಷ್ಟಪಡಬೇಡಿ, ನನಗೆ ಬೇಸರವಿಲ್ಲ ಎಂದು ಅದರ ಅರ್ಥ. ಉಪಚಾರದ ಮಾತು. ಈ ಊರಿನಲ್ಲಿ ದಿನಕ್ಕೆ ನೂರು ಸಲ ಕೇಳುತ್ತೇನೆ, ನೂರು ಸಲ ಹೇಳುತ್ತೇನೆ.

ನಾನು ಚಿಲ್ಲರೆ ಹಿಡಿದ ಕೈಯನ್ನು ಹಾಗೇ ಹಿಡಿದುಕೊಂಡು ನಿಂತೆ. ನನ್ನ ಮಗಳು ಹುಟ್ಟಿ ಬೆಳೆದದ್ದು ಈ ಉಧ್ನಾದಲ್ಲಿ. ಅವಳು ಯೋಚಿಸುವುದು ಗುಜರಾತಿಯಲ್ಲಿ, ನನ್ನ ಮೇಲಿನ ಮರ್ಯಾದೆಗೆ ಆಡುವುದು ಕನ್ನಡ. ಅವಳ 'ನಡೀತದೆ' ಈ 'ಚಾಲಶೇ'ಯೇ ಆಗಿತ್ತು. ನನ್ನ ಕಿವಿಗೆ ಅದು ನೀನು ಇದ್ದರೆಷ್ಟು ಬಿಟ್ಟರೆಷ್ಟು ಎಂದು ಕೇಳಿಸಿತ್ತು. ನಮ್ಮ ಕಡೆಯವರ ಹಾಗೆ 'ಅಡ್ಡಿಲ್ಲ' ಎಂದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆ ಒಂದು ಮಾತನ್ನು ಅವಳಿಗೆ ಕಲಿಸಬೇಕಾದವನು ನಾನೇ ಅಲ್ಲವೇ? ಸಾಂಬಾರಿಗೆ ಎಷ್ಟು ಕೊತ್ತಂಬರಿ ಎಂದು ಕಲಿಸಿದೆ, ಇದನ್ನು ಕಲಿಸಲಿಲ್ಲ. ಮಂಥನನಿಗೆ ಅವತ್ತು ಚಿಲ್ಲರೆ ಹೆಚ್ಚಿಗೆ ಹೋಯಿತು.

ಭಾನುವಾರ ಮೊದಲ ರೈಲಿಗೆ ಹೊರಟೆ. ಅವಳಿಗೆ ಹೇಳಲಿಲ್ಲ. ಎದುರಿಗೆ ಹೋಗಿ ನಿಂತರೆ ಮುಖ ಹೇಗೆ ಅರಳೀತು ಎಂದು ನೋಡುವ ಆಸೆ. ವಡೋದರಾದಿಂದ ಬಸ್ಸು, ಆಮೇಲೆ ರಿಕ್ಷಾ. ಎರಡೂ ದುರ್ಬೀನು ಕುತ್ತಿಗೆಯಲ್ಲೇ ಇದ್ದವು.

ಅವಳ ಮುಖ ಅರಳಿತು, ಸುಳ್ಳು ಹೇಳುವುದಿಲ್ಲ. "ಅಪ್ಪಾ! ಫೋನ್ ಮಾಡ್ಬಾರ್ದಾ?" ಎಂದು ಓಡಿಬಂದಳು. ಆದರೆ ಎಣಿಕೆ ಶುರುವಾಗಿತ್ತು. ಇಬ್ಬಿಬ್ಬರ ಗುಂಪು, ಒಂದೊಂದು ಗುಂಪಿಗೆ ಒಂದೊಂದು ದಂಡೆ. ಅವಳ ಜೊತೆಗೆ ಚೈತ್ರಾ ಎಂಬ ಹುಡುಗಿ ಇದ್ದಳು. ಎಣಿಸುವವರು ನಡುವೆ ಬದಲಾದರೆ ಲೆಕ್ಕ ತಪ್ಪುತ್ತದಂತೆ. "ಇಲ್ಲಿ ಕೂತ್ಕೊಳ್ಳಿ ಅಪ್ಪ, ಹನ್ನೊಂದಕ್ಕೆ ಬರ್ತೇನೆ" ಎಂದು ಜಾಲಿಮರದ ಬುಡ ತೋರಿಸಿ ಹೋದಳು.

ಮೂರು ಗಂಟೆ ಕೂತೆ. ನೀರಿನ ಮೇಲೆ ನಾಮದ ಕೋಳಿಗಳು ಎಳ್ಳು ಚೆಲ್ಲಿದ ಹಾಗಿದ್ದವು. ಪಟ್ಟೆತಲೆಯ ಹೆಬ್ಬಾತುಗಳು ಇಳಿದವು. ನಾನು ಮಾತ್ರ ಆಚೆ ದಂಡೆಯ ಮಗಳನ್ನು ನೋಡುತ್ತಿದ್ದೆ. ಚಿಕ್ಕದರಲ್ಲಿ ಅವಳು ನಡುಗುವ ಒಂದು ಕೆಂಪು ಟೋಪಿ. ದೊಡ್ಡದರಲ್ಲಿ ಅವಳು ಪೆನ್ಸಿಲಿನಿಂದ ಕೂದಲು ಹಿಂದೆ ತಳ್ಳುವುದೂ ಕಂಡಿತು. ಏನೋ ಹೇಳಿ ನಕ್ಕಳು. ಕುತ್ತಿಗೆಯಿಂದ ದುರ್ಬೀನು ತೆಗೆದು ಚೈತ್ರಾಳಿಗೆ ಕೊಟ್ಟಳು. ನಮ್ಮದೇ ಹಳೆಯದು. ಆ ಹುಡುಗಿ ತನ್ನ ಬಲಗಣ್ಣಿಗೆ ತಕ್ಕಂತೆ ಉಂಗುರ ತಿರುಗಿಸಿಕೊಂಡಳು. ಇಷ್ಟು ಸ್ಪಷ್ಟವಾಗಿ ತೋರಿಸಬಾರದಿತ್ತು ಈ ಗಾಜು. ಹೊಟ್ಟೆಕಿಚ್ಚಿಗೆ ವಯಸ್ಸಿಲ್ಲ. ದುರ್ಬೀನು ಇಳಿಸಿ ಕನ್ನಡಕ ಒರೆಸಿಕೊಂಡೆ.

ಹನ್ನೊಂದೂವರೆಗೆ ಅವಳು ಬಂದು ಪಕ್ಕದಲ್ಲಿ ಕೂತಳು. ತೊಡೆಯ ಮೇಲೆ ಹೆಸರುಗಳ ಪಟ್ಟಿ ಇತ್ತು. ನನ್ನ ಕಣ್ಣು ಅದರ ಮೇಲಿರುವುದನ್ನು ಕಂಡಳು.

"ಎರಡು ವರ್ಷ ನಿಮ್ಮ ಹೆಸರು ಬರೆದಿದ್ದೆ ಅಪ್ಪ, ನನ್ನ ಜೊತೆಗೆ. ಎಲ್ಲರೂ ಬಂದ ಮೇಲೆ ಕಾಟು ಹಾಕ್ತಿದ್ದೆ. ಈ ವರ್ಷ ಬರೀಲಿಲ್ಲ."

ದೂರಿನ ದನಿಯೇ ಅಲ್ಲ. ಬಸ್ಸಿನ ಹೊತ್ತು ಹೇಳಿದ ಹಾಗೆ ಹೇಳಿದಳು. ದೂರಿದ್ದರೆ ಒಳ್ಳೆಯದಿತ್ತು. ಇಷ್ಟು ದಿನ ನುಂಗಿದ್ದು ಸಾಕು ಎನಿಸಿತು.

"ನಂಗೆ ಭಾರೀ ಬೇಜಾರಾಯ್ತು ಮನೂ."

ಅವಳು ನನ್ನ ಬೆನ್ನು ಸವರಿದಳು. "ಬೋರ್ ಆಯ್ತಲ್ಲ? ಸಾರಿ ಅಪ್ಪ. ಮೂರು ಗಂಟೆ ಒಬ್ರೇ ಕೂತ್ರಿ. ನಿಮಗೊಂದು ಗಾಡಿ ಹೇಳ್ತೇನೆ, ಸ್ಟೇಷನ್ನಿಗೆ ಬೇಗ ಹೋಗಿ."

ಬೇಜಾರು ಎಂದರೆ ಅವಳಿಗೆ ಬೋರು. ಅವಳು ಆಗಲೇ ಫೋನು ತೆಗೆದು ಗಾಡಿಯವನ ನಂಬರು ಹುಡುಕುತ್ತಿದ್ದಳು. ನನ್ನ ಕನ್ನಡ ಅವಳನ್ನು ಮುಟ್ಟುವುದಿಲ್ಲ. ನನಗೆ ಬರುವುದು ಗಲ್ಲಾದ ಗುಜರಾತಿ. ಅದರಲ್ಲಿ ಉಪ್ಪು, ಖಾರ, ಚಿಲ್ಲರೆ, ಪಾರ್ಸೆಲ್ಲು ಬಿಟ್ಟರೆ ಬೇರೆ ಮಾತಿಲ್ಲ. ಇದ್ದಷ್ಟರಲ್ಲೇ ತಡಕಾಡಿ, ಅವಳ ಫೋನಿನ ಮೇಲೆ ಕೈ ಇಟ್ಟು, ಹೇಗೋ ಜೋಡಿಸಿ ಹೇಳಿದೆ.

"ಮನೇ ತಾರಾ ವಗರ್ ನಥೀ ಚಾಲತುಂ."

ನೀನಿಲ್ಲದೆ ನನಗೆ ನಡೆಯುವುದಿಲ್ಲ.

ಅವಳು ತಲೆ ಎತ್ತಿ ನೋಡಿದಳು. ಟೋಪಿ ತೆಗೆದು ಮುಖಕ್ಕೆ ಅಡ್ಡ ಹಿಡಿದುಕೊಂಡಳು. ಆಮೇಲೆ ಅದರ ಹಿಂದಿನಿಂದಲೇ, ಮೂಗು ಕಟ್ಟಿದ ದನಿಯಲ್ಲಿ ಕೇಳಿದಳು.

"ಅಪ್ಪಾ, ಇದನ್ನ ಕನ್ನಡದಲ್ಲಿ ಎಂತ ಹೇಳುದು?"

ನಾನು ಯೋಚಿಸಿದೆ. ನನ್ನ ಅಪ್ಪ ನನಗೆ ಹೇಳಿದ್ದು ನೆನಪಿಲ್ಲ. ನಾನು ಅವಳ ತಾಯಿಗೆ ಹೇಳಿದ್ದೂ ಇಲ್ಲ, ಆಸ್ಪತ್ರೆಯಲ್ಲಿ ಕೂಡ.

"ನಮ್ಮಲ್ಲಿ ಇದನ್ನ ಯಾರೂ ಹೇಳುದಿಲ್ಲ ಮಗಾ" ಎಂದೆ.