ಬಾಗಿಲು ನಿಜಕ್ಕೂ ಮುಚ್ಚಿತ್ತು

ಶುಕ್ರವಾರ ಬಂತೆಂದರೆ ಡೆಲ್ಮಿರಾ ಗುವಾಸಾಸೆಗೆ ಬೆಳಿಗ್ಗೆಯಿಂದಲೇ ಮೈ ಉರಿಯುತ್ತಿತ್ತು. ಕಾರಣ ಹೊರ್ಮಾಂಡೋ ರೋಕಾ. ಸಾನ್ ಗಾಬಿನೋ ಎಂಬ ಊರಿನಿಂದ ಮಾಂಸದ ವಿಮಾನ ಹಾರಿಸುವ ಹತ್ತು ಹನ್ನೆರಡು ಪೈಲಟ್‌ಗಳಲ್ಲಿ ಅವನೇ ಹಿರಿಯ, ಮೀಸೆಯೂ ಅವನದೇ ದೊಡ್ಡದು, ಸುಳ್ಳು ಹೇಳುವುದರಲ್ಲೂ ಅವನೇ ಮುಂದು.

ಬೇನಿ ಸೀಮೆಯ ಬಯಲಿನಲ್ಲಿ ದನಗಳಿಗೇನೂ ಕೊರತೆಯಿಲ್ಲ, ಇಲ್ಲದ್ದು ರಸ್ತೆ. ನಸುಕಿನಲ್ಲಿ ಕಡಿದ ಮಾಂಸವನ್ನು ಯುದ್ಧಕಾಲದ ಹಳೇ ವಿಮಾನಗಳಿಗೆ ತುಂಬಿ ಪರ್ವತದಾಚೆಯ ದೊಡ್ಡ ಪಟ್ಟಣ ಲಾ ಪಾಸ್‌ಗೆ ಒಯ್ಯಬೇಕು. ಆ ಮುದಿ ವಿಮಾನಗಳಿಗೆ ಶಿಖರಗಳ ಮೇಲೆ ಹಾರುವ ತ್ರಾಣವಿಲ್ಲ, ಎರಡು ಶಿಖರಗಳ ನಡುವಿನ ಸಂದಿಯಲ್ಲಿ ನುಸುಳಬೇಕು. ಪೈಲಟ್‌ಗಳು ಆ ಸಂದಿಯನ್ನು ಬಾಗಿಲು ಅನ್ನುತ್ತಿದ್ದರು. ಮೋಡವಿಲ್ಲದಿದ್ದರೆ ಬಾಗಿಲು ತೆರೆದಿದೆ, ಮೋಡ ಕವಿದರೆ ಮುಚ್ಚಿದೆ. ಅದನ್ನು ಕೆಳಗಿನಿಂದ ಹೇಳಬಲ್ಲ ಯಾವ ಯಂತ್ರವೂ ಇರಲಿಲ್ಲ. ಮೊದಲು ಅಲ್ಲಿಗೆ ಹೋದವನು ಕಣ್ಣಾರೆ ನೋಡಿ ರೇಡಿಯೋದಲ್ಲಿ ಡೆಲ್ಮಿರಾಗೆ ಹೇಳಬೇಕು, ಡೆಲ್ಮಿರಾ ಹಿಂದೆ ಬರುತ್ತಿರುವವರಿಗೆ ದಾಟಿಸಬೇಕು. ಆಕಾಶದಲ್ಲಿರುವವರಿಗೆ ಹವಾಮಾನ ಹೇಳುವ ಈ ಕೆಲಸವನ್ನು ಅವಳು ವಿಮಾನದಂಗಳದ ಪಕ್ಕದ ತಗಡಿನ ಕೋಣೆಯಲ್ಲಿ ಕೂತು ಹನ್ನೊಂದು ವರ್ಷದಿಂದ ಮಾಡುತ್ತಿದ್ದಳು.

ಶುಕ್ರವಾರ ಲಾ ಪಾಸ್‌ನಲ್ಲಿ ಸಂತೆ, ಮೊದಲು ಇಳಿದ ಮಾಂಸಕ್ಕೆ ಒಳ್ಳೇ ಬೆಲೆ. ರೋಕಾ ಏನು ಮಾಡುತ್ತಿದ್ದನೆಂದರೆ, ಎಲ್ಲರಿಗಿಂತ ಮುಂಚೆ ಹಾರಿ, ಬಾಗಿಲಿಗೆ ಬಂದು, "ಮುಚ್ಚಿದೆ" ಎಂದು ರೇಡಿಯೋದಲ್ಲಿ ಹೇಳಿ, ತಾನು ಆರಾಮಾಗಿ ದಾಟಿಬಿಡುತ್ತಿದ್ದ. ಹಿಂದಿನವರು ಗಿರಕಿ ಹೊಡೆಯುತ್ತಾ ಕಾಯುವಷ್ಟರಲ್ಲಿ ಅವನ ಸರಕು ಮಾರಾಟವಾಗಿರುತ್ತಿತ್ತು. ಸ್ವಲ್ಪ ದಿನಕ್ಕೆ ಉಳಿದವರೂ ಅದನ್ನೇ ಕಲಿತರು. ಕೊನೆಗೆ ಮುಚ್ಚಿದೆ ಅಂದರೆ ತೆರೆದಿದೆ ಎಂದು ತಿಳಿಯುವುದೇ ರೂಢಿಯಾಯಿತು. ಸಂಜೆ ಜೋಳದ ಹೆಂಡ ಚಿಚಾ ಕುಡಿಯುತ್ತಾ ಇದನ್ನೇ ಹೇಳಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದರು.

ಡೆಲ್ಮಿರಾಗೆ ಮಾತ್ರ ನಗು ಬರುತ್ತಿರಲಿಲ್ಲ. ಪೈಲಟ್ ಕೊಟ್ಟ ವರದಿಯನ್ನು ಅವನ ಹೆಸರು ಹೇಳಿ ಹಾಗೇ ಓದಬೇಕು, ಒಂದಕ್ಷರ ಸೇರಿಸುವಂತಿಲ್ಲ ಎನ್ನುವುದು ನಿಯಮ. ಅಂದರೆ ಆ ಗಂಡಸರ ಸುಳ್ಳೆಲ್ಲ ಇವಳ ಬಾಯಿಂದ ಬರಬೇಕು. ಬಾಗಿಲ ಕೆಳಗೇ ಇರುವ ಗಣಿಯೊಂದರಲ್ಲಿ ಮೋಡ ನೋಡಿ ಹೇಳಲು ಒಬ್ಬನನ್ನು ಕೂರಿಸಿ ಎಂದು ಮೇಲಧಿಕಾರಿ ಡೋನ್ ಅಡೆಮಾರ್‌ಗೆ ಮೂರು ಸಲ ಬರೆದಿದ್ದಳು. "ಪೈಲಟ್ ಹೇಳಿದ್ದು ಪೈಲಟ್ ಅಭಿಪ್ರಾಯ ಕಣಮ್ಮ. ನಮ್ಮ ಗಂಟೇನು ಹೋಗುತ್ತೆ?" ಎಂದು ಆ ಮಹಾಶಯ ಹಲ್ಲು ಕಿರಿದಿದ್ದ.

ಆ ಶುಕ್ರವಾರ ದಕ್ಷಿಣದ ಶೀತಗಾಳಿ ಸುರಾಸೋ ಬೀಸಲು ಶುರುವಾಗಿ ಮೂರನೇ ದಿನ. ಬಯಲಿನ ಮೋಡವೆಲ್ಲ ಪರ್ವತದ ಬುಡಕ್ಕೆ ಹೋಗಿ ಒತ್ತಿಕೊಂಡಿತ್ತು. ಏಳೂವರೆಗೆ ರೋಕಾನ ದನಿ ಕೇಳಿತು.

"ಡೆಲ್ಮಿರಾ, ಬಾಗಿಲು ಮುಚ್ಚಿದೆ."

"ಬರ್ಕೊಂಡೆ ಮಹರಾಯ. ಪೇಟೇಲಿ ಒಳ್ಳೇ ಬೆಲೆ ಸಿಗ್ಲಿ."

"ಅಲ್ಲ ಕಣೇ, ನಿಜವಾಗ್ಲೂ! ರೆಕ್ಕೆ ಮೇಲೆ ಬೆರಳು ದಪ್ಪ ಮಂಜುಗಡ್ಡೆ ಕೂತಿದೆ. ಮುಂದಿನ ಗಾಜು ಒಡೆದುಹೋಯ್ತು. ನಾನು ವಾಪಸ್ ಬರ್ತಿದೀನಿ."

ಅವನ ಹಲ್ಲು ಕಟಕಟ ಎನ್ನುವುದು ರೇಡಿಯೋದಲ್ಲೂ ಕೇಳುತ್ತಿತ್ತು. ಡೆಲ್ಮಿರಾ ಕೈಯಲ್ಲಿದ್ದ ಪೆನ್ಸಿಲ್ ಕೆಳಗಿಟ್ಟಳು. ಈ ಮನುಷ್ಯ ಏನು ಬೇಕಾದರೂ ಸುಳ್ಳು ಹೇಳಿಯಾನು, ವಾಪಸ್ ಬರುತ್ತಿದ್ದೇನೆ ಎಂದು ಮಾತ್ರ ಯಾವತ್ತೂ ಹೇಳಿದವನಲ್ಲ. ಅವನ ಹಿಂದೆ ಹನ್ನೆರಡು ನಿಮಿಷದ ದೂರದಲ್ಲಿ ಮೂರು ಟನ್ ಮಾಂಸ ಹೇರಿಕೊಂಡು ಹೋಗುತ್ತಿದ್ದವನು ರೋಮರ್, ಅವಳ ಒಡಹುಟ್ಟಿದ ತಮ್ಮ.

ಅವಳು ಕರೆಯುವ ಮುಂಚೆಯೇ ರೋಮರ್ ಬಾಯಿ ಹಾಕಿದ. "ಅಕ್ಕಾ, ರೋಕಾ ಮುಚ್ಚಿದೆ ಅಂದ್ನಾ? ಹಾಗಾದ್ರೆ ಬಿಸಿಲು ಹೊಡೀತಿರ್ಬೇಕು ಬಿಡು!"

ಆಕಾಶದಲ್ಲಿದ್ದ ಉಳಿದವರೂ ನಕ್ಕರು.

"ನಗಬೇಡ. ಈ ಸಲ ನಿಜ. ತಿರುಗಿಸು."

"ನೀನು ನೋಡಿದ್ಯಾ?"

"ನಾನೆಲ್ಲಿ ನೋಡ್ಲಿ? ಕೋಣೇಲಿ ಕೂತಿದೀನಿ."

"ಮತ್ತೆ? ಅವನು ಹೇಳಿದ್ದನ್ನ ನೀನು ಹೇಳ್ತಿದೀಯ ಅಷ್ಟೇ ತಾನೆ?"

ಹನ್ನೊಂದು ವರ್ಷ ಸುಳ್ಳರ ಮಾತು ಓದಿದವಳಿಗೆ ತನ್ನದೆನ್ನುವ ಮಾತು ಎಲ್ಲಿಂದ ಬರಬೇಕು? ಸಿಟ್ಟೆಲ್ಲ ರೋಕಾನ ಮೇಲೆ ತಿರುಗಿತು. "ರೋಕಾ, ಕೇಳಿಸ್ಕೋತಿದೀಯಾ? ನಿನ್ನ ಬಾಯಿಂದ ಎಲ್ಲಾ ಹೇಳು. ಇಡೀ ಬೇನಿಗೆ ಕೇಳೋ ಹಾಗೆ ಹೇಳು, ಹಾಳಾದವನೇ!"

ರೋಕಾ ಹೇಳಿದ, ಪಾಪ. "ಲೋ ರೋಮರ್, ನಾನು ಸುಳ್ಳುಗಾರ ಕಣೋ. ಇಷ್ಟು ವರ್ಷ ಹೇಳಿದ್ದೆಲ್ಲಾ ಸುಳ್ಳೇ. ಇವತ್ತೊಂದಿನ ನಂಬೋ. ನನ್ನ ತಾಯಾಣೆ."

"ತಾಯಾಣೆ ಹೋದ ವಾರಾನೂ ಹಾಕಿದ್ದೆ," ಎಂದ ರೋಮರ್. "ಆದ್ರೂ ನಾಟಕ ಚೆನ್ನಾಗಿದೆ. ಅಳು ಒಂದು ಕಮ್ಮಿ ಆಯ್ತು ನೋಡು."

ಇನ್ಯಾರೋ ಸಿಳ್ಳೆ ಹಾಕಿದರು. ಡೆಲ್ಮಿರಾ ಗಡಿಯಾರ ನೋಡಿದಳು. ರೋಮರ್ ಬಾಗಿಲಿಗೆ ಇನ್ನು ಎಂಟು ನಿಮಿಷದ ದೂರದಲ್ಲಿದ್ದ. ಕಣಿವೆ ಕಿರಿದಾದ ಮೇಲೆ ತಿರುಗಿಸುತ್ತೇನೆಂದರೂ ಜಾಗವಿರುವುದಿಲ್ಲ. ಇವನು ನಗುನಗುತ್ತಲೇ ಬಂಡೆಗೆ ಹೋಗಿ ಹೊಡೆಯುತ್ತಾನೆ, ಆಮೇಲೆ ಉಳಿದವರು ಟೋಪಿ ತೆಗೆದು ಶವಪೆಟ್ಟಿಗೆ ಹೊರುತ್ತಾರೆ, ಮುಂದಿನ ಶುಕ್ರವಾರ ಮತ್ತೆ ಅದೇ ಸುಳ್ಳು.

ಅವಳು ಹೇಳಿದರೆ ಎಲ್ಲರೂ ನಂಬುವ ಸುದ್ದಿ ಒಂದೇ ಇತ್ತು. ಲಾ ಪಾಸ್‌ನ ವಿಮಾನ ನಿಲ್ದಾಣವಾದ ಎಲ್ ಆಲ್ಟೋದವರು ಅರ್ಧ ಗಂಟೆಗೊಮ್ಮೆ ತಮ್ಮ ರನ್‌ವೇ ಹೇಗಿದೆ ಎಂದು ಅವಳಿಗೆ ತಿಳಿಸುತ್ತಿದ್ದರು, ಅದರಲ್ಲಿ ಪೈಲಟ್‌ಗಳ ಕೈ ಇರಲಿಲ್ಲ. ಅವಳು ಮೈಕಿನ ಗುಂಡಿ ಒತ್ತಿದಳು.

"ಎಲ್ಲಾ ವಿಮಾನಗಳಿಗೆ. ಎಲ್ ಆಲ್ಟೋ ರನ್‌ವೇ ಬಂದ್. ದೊಡ್ಡ ವಿಮಾನ ಒಂದು ಚಕ್ರ ಮುರ್ಕೊಂಡು ನಟ್ಟನಡುವೆ ಬಿದ್ದಿದೆ. ಮಧ್ಯಾಹ್ನದವರೆಗೆ ಯಾರೂ ಇಳಿಯೋ ಹಾಗಿಲ್ಲ."

ನಗು ನಿಂತಿತು. "ಥೂ, ಇವತ್ತೇ ಆಗ್ಬೇಕಿತ್ತಾ!" ಎಂದ ರೋಮರ್. "ಸರಿ, ತಿರುಗ್ತಿದೀನಿ."

ಡೆಲ್ಮಿರಾ ಕುರ್ಚಿಗೆ ಒರಗಿ ಉಸಿರು ಬಿಡುವಷ್ಟರಲ್ಲಿ ಎಲ್ ಆಲ್ಟೋದವನ ದನಿ ಗೊರಗೊರ ಎಂದಿತು. "ಸಾನ್ ಗಾಬಿನೋ, ಯಾರಮ್ಮ ಹಾಗಂದಿದ್ದು? ನಮ್ಮ ರನ್‌ವೇ ತೊಳೆದ ತಟ್ಟೆ ಥರ ಇದೆ. ಯಾರು ಬೇಕಾದ್ರೂ ಇಳೀಬಹುದು."

ಪುಣ್ಯಾತ್ಮ ಬಾಯಿ ಬಿಡುವುದಕ್ಕೆ ಅದೇ ಗಳಿಗೆ ಹುಡುಕಿದ್ದ.

"ಅಕ್ಕಾ," ಎಂದ ರೋಮರ್. ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ನೀನೂನಾ?"

"ಹೌದು ಕಣೋ, ನಾನೂನೇ!" ಅವಳು ಕಿರುಚಿದಳು. "ಸುಳ್ಳೇ ಹೇಳ್ದೆ. ಈ ಮೈಕ್ ಹಿಡಿದಾಗಿನಿಂದ ಇದೇ ಮೊದಲ್ನೇ ಸುಳ್ಳು. ಯಾಕೆ ಹೇಳಿರ್ಬೋದು ಅಂತ ನಿನ್ನ ಆ ಖಾಲಿ ತಲೇಲಿ ಯೋಚ್ನೆ ಮಾಡು, ಕತ್ತೆ!"

ಆಮೇಲೆ ರೋಮರ್ ಮೆಲ್ಲಗೆ ಹೇಳಿದ. "ತಿರುಗಿಸಿ ಆಯ್ತು. ಕೆಳಗಿಳೀತಿದೀನಿ ಅಕ್ಕಾ." ಹಿಂದಿದ್ದವರೂ ಒಬ್ಬೊಬ್ಬರಾಗಿ ತಿರುಗಿಸಿದರು.

ಮೊದಲು ಇಳಿದವನು ರೋಕಾ. ಗಾಜಿನ ಚೂರು ತಾಗಿ ಮುಖವೆಲ್ಲ ರಕ್ತ, ಮೀಸೆಗೆ ಮಂಜು ಮೆತ್ತಿತ್ತು. ನೇರ ಅವಳ ಕೋಣೆಗೆ ಬಂದು, "ಅಂತೂ ನೀನೂ ನಮ್ಮ ಗುಂಪಿಗೆ ಸೇರಿದೆ ಕಣೇ," ಎಂದು ನಕ್ಕ. ಅವಳು ಹೂಜಿಯಲ್ಲಿದ್ದ ನೀರನ್ನೆಲ್ಲ ಅವನ ಮುಖಕ್ಕೆ ಎರಚಿ ಹೊರಗೆ ದಬ್ಬಿದಳು. ಆಮೇಲೆ ರೋಮರ್ ಬಂದ. ಅಕ್ಕನ ಕೋಣೆಯ ಹೊಸ್ತಿಲ ಮೇಲೆ ಕೂತು ಸಿಗರೇಟಿನ ಮೇಲೆ ಸಿಗರೇಟು ಸೇದುತ್ತಾ ಅಲ್ಲೇ ಉಳಿದ.

ಹನ್ನೊಂದು ಗಂಟೆಗೆ ಡೋನ್ ಅಡೆಮಾರ್ ಜೀಪಿನಲ್ಲಿ ಬಂದ. ಮೂರು ಕಾಗದ ಬರೆದಾಗ ಬಾರದವನು ಈಗ ತಾನೇ ಒಂದು ಕಾಗದ ಹಿಡಿದುಕೊಂಡು ಬಂದಿದ್ದ. ಸುಳ್ಳು ಮಾಹಿತಿ ಪ್ರಸಾರ ಮಾಡಿದ್ದಕ್ಕೆ ಎರಡು ತಿಂಗಳು ಕೆಲಸದಿಂದ ಅಮಾನತು.

"ಮತ್ತೆ ರೋಕಾಗೆ?" ಎಂದಳು ಡೆಲ್ಮಿರಾ.

"ರೋಕಾಗೇನು? ಪೈಲಟ್ ಹೇಳಿದ್ದು ಅಭಿಪ್ರಾಯ. ನೀನು ಹೇಳಿದ್ದು ಸರ್ಕಾರದ ಮಾತು. ಸರ್ಕಾರ ಸುಳ್ಳು ಹೇಳ್ಬಾರ್ದಮ್ಮ."

"ಸರ್ಕಾರ ಹನ್ನೊಂದು ವರ್ಷದಿಂದ ಪ್ರತಿ ಶುಕ್ರವಾರ ಹೇಳಿದೆ ಸ್ವಾಮಿ. ನನ್ನ ಬಾಯಲ್ಲಿ ಹೇಳ್ಸಿದೆ."

ಡೋನ್ ಅಡೆಮಾರ್ ಕೇಳಿಸದವನಂತೆ ಅವಳ ಕುರ್ಚಿಯಲ್ಲಿ ಕೂತ. ಇನ್ನೊಬ್ಬರು ಬರುವವರೆಗೆ ತಾನೇ ನೋಡಿಕೊಳ್ಳುತ್ತೇನೆಂದ. ಅವಳು ಚೀಲ ಹೆಗಲಿಗೆ ಹಾಕಿಕೊಂಡು ಹೊಸ್ತಿಲು ದಾಟುವಾಗ ರೇಡಿಯೋ ಮಾತಾಡಿತು. ದೂರದ ಹುಲ್ಲುಗಾವಲೊಂದರಿಂದ ಮಾಂಸ ತುಂಬಿಕೊಂಡು ಹೊರಟಿದ್ದ ಮೆಲ್ಗಾರ್ ಎಂಬ ಪೈಲಟ್ ಬಾಗಿಲು ಹೇಗಿದೆ ಎಂದು ಕೇಳುತ್ತಿದ್ದ. ಡೋನ್ ಅಡೆಮಾರ್ ಕನ್ನಡಕ ಸರಿಮಾಡಿಕೊಂಡು ಪುಸ್ತಕ ನೋಡಿ ಓದಿದ. "ಬಾಗಿಲು ಮುಚ್ಚಿದೆ. ವರದಿ ಕೊಟ್ಟವರು, ರೋಕಾ."

"ರೋಕಾನಾ?" ಮೆಲ್ಗಾರ್ ಗಹಗಹಿಸಿ ನಕ್ಕ. "ಹಾಗಾದ್ರೆ ಹೊರಟೆ ನಾನು."

ಡೋನ್ ಅಡೆಮಾರ್ ಮೈಕ್ ಕೆಳಗಿಟ್ಟ. ನಿಯಮದ ಪ್ರಕಾರ ಅವನ ಕೆಲಸ ಮುಗಿದಿತ್ತು. ಡೆಲ್ಮಿರಾ ಒಳಗೆ ನುಗ್ಗಿ ಕುರ್ಚಿ ಸಮೇತ ಅವನನ್ನು ಪಕ್ಕಕ್ಕೆ ನೂಕಿ ಮೈಕ್ ಕೈಗೆತ್ತಿಕೊಂಡಳು.

"ಮೆಲ್ಗಾರ್, ನಾನು ಡೆಲ್ಮಿರಾ. ಬಾಗಿಲು ನಿಜಕ್ಕೂ ಮುಚ್ಚಿದೆ. ತಿರುಗಿಸು."

ಬೆಳಗಿನ ಕಥೆಯ ಅರ್ಧ ಮಾತ್ರ ಮೆಲ್ಗಾರ್‌ಗೆ ತಲುಪಿತ್ತು. "ನೀನೂ ಸುಳ್ಳು ಹೇಳೋಕೆ ಶುರು ಮಾಡಿದ್ಯಂತಲ್ಲ ತಾಯಿ?" ಎಂದ.

ಅವಳಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಆದರೆ ಮೈಕ್ ಬಿಡಲಿಲ್ಲ. "ಬೆಳಿಗ್ಗೆ ಒಂದು ಹೇಳ್ದೆ. ಇದು ಅದಲ್ಲ. ರೋಮರ್ ಇಲ್ಲೇ ಇದಾನೆ, ಅವನನ್ನೇ ಕೇಳು."

ರೋಮರ್ ಎದ್ದು ಬಂದು ಮೈಕಿಗೆ ಬಾಯಿಟ್ಟ. "ಅವಳು ಹೇಳ್ದ ಹಾಗೆ ಕೇಳೋ. ನಾನು ಬದುಕಿರೋದೇ ಅದ್ರಿಂದ."

ಮೆಲ್ಗಾರ್ ಒಪ್ಪಿದ. "ಸರಿ, ತಿರುಗ್ತೀನಿ. ಆದ್ರೆ ಡೆಲ್ಮಿರಾ, ಬೇಜಾರು ಮಾಡ್ಕೋಬೇಡ. ಇನ್ಮೇಲೆ ನೀನು ಹೇಳಿದ್ದನ್ನೂ ಇನ್ನೊಬ್ಬರ ಹತ್ರ ಕೇಳಿ ನೋಡ್ತೀನಿ."

"ಕೇಳು," ಎಂದಳು ಡೆಲ್ಮಿರಾ. ಮೈಕನ್ನು ಮೇಜಿನ ಮೇಲಿಟ್ಟು, ಗೋಡೆಗೆ ಅಂಟಿ ನಿಂತಿದ್ದ ಡೋನ್ ಅಡೆಮಾರ್ ಕಡೆ ಕೈ ಚಾಚಿದಳು. "ಈಗ ಕೊಡಿ ಆ ಕಾಗದ. ಎಲ್ಲಿ ಸಹಿ ಹಾಕ್ಬೇಕು?"