ಒಳಗೇ ಇದ್ದ ಗಂಟು

ಜಯನಗರದ ಆ ಕಾಲೇಜಿನ ಸೆಮಿನಾರ್ ಹಾಲಿನಲ್ಲಿ ಲಿಖಿತಾಳ ಪಿಎಚ್.ಡಿ. ವೈವಾ ಚೆನ್ನಾಗಿಯೇ ಸಾಗಿತ್ತು. ಕೊನೆಯಲ್ಲಿ ಪರೀಕ್ಷಕ ಜಯಸಿಂಹ ಚೀಲದಿಂದ ತಾವೇ ಬರೆದು ತಂದಿದ್ದ ಒಂದು ಗ್ರಾಫ್ ತೆಗೆದು ಹುಡುಗಿಯ ಮುಂದೆ ಹರಡಿದರು.

ಅವಳ ವಾದ ಇಷ್ಟೇ. ಕಾರ್ಬನ್ ನ್ಯೂಕ್ಲಿಯಸ್ಸಿನೊಳಗೆ ಪ್ರೋಟಾನು, ನ್ಯೂಟ್ರಾನುಗಳು ಬಿಡಿಬಿಡಿಯಾಗಿಲ್ಲ. ಸರಿಯಾಗಿ ತಿರುವದ ಮುದ್ದೆಯಲ್ಲಿ ಹಿಟ್ಟು ಗಂಟುಗಟ್ಟಿದ ಹಾಗೆ, ನಾಲ್ಕು ನಾಲ್ಕು ಸೇರಿ ಹೀಲಿಯಂ ಗಂಟುಗಳಾಗಿವೆ. ಹೊರಗಿನಿಂದ ರಭಸವಾಗಿ ಬಂದ ಪ್ರೋಟಾನು ಆ ಗಂಟಿಗೆ ಬಡಿದರೆ, ಬಿಡಿ ಹೀಲಿಯಂಗೆ ಬಡಿದಾಗ ಹೇಗೋ ಹಾಗೆಯೇ ಚೆದುರಬೇಕು. ಅವಳ ಅಳತೆಯಲ್ಲಿ ಚೆದುರಿತ್ತು ಕೂಡ. ಇಡೀ ಥೀಸಿಸ್ ನಿಂತಿದ್ದೇ ಅದರ ಮೇಲೆ.

"ನಿಮ್ಮ ಅಳತೆಗೂ ಹೀಲಿಯಂ ಗೆರೆಗೂ ತಾಳಮೇಳಾನೇ ಇಲ್ವಲ್ಲಮ್ಮಾ" ಎಂದರು ಜಯಸಿಂಹ. "ಒಳಗೆ ಗಂಟೂ ಇಲ್ಲ, ಗಿಂಟೂ ಇಲ್ಲ. ಥೀಸಿಸ್ ವಾಪಸ್ ತಗೊಂಡೋಗಿ."

ಅಯ್ಯೋ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ! ಗೈಡ್ ಚಿದಾನಂದ್ ಅವಳ ಕಡೆ ಬಗ್ಗಿ, "ಒಪ್ಕೊಂಡ್ಬಿಡು, ಟೈಮ್ ಕೇಳೋಣ" ಎಂದು ಪಿಸುಗುಟ್ಟಿದರು. ಪಾಪ, ಅವರದೇನು ತಪ್ಪು? ಆ ಕ್ಷೇತ್ರದಲ್ಲಿ ಜಯಸಿಂಹರೆಂದರೆ ಆನೆ ನಡೆದದ್ದೇ ದಾರಿ.

ಲಿಖಿತಾ ಒಪ್ಪಲಿಲ್ಲ. ಗ್ರಾಫನ್ನೇ ದುರುಗುಟ್ಟಿಕೊಂಡು ನೋಡಿದಳು. ಗೆರೆ ಬಿಡಿ ಹೀಲಿಯಂನದು, ಚುಕ್ಕಿಗಳು ಅವಳ ಅಳತೆಗಳು. ಪ್ರೋಟಾನು ಸಣ್ಣ ಕೋನಗಳಲ್ಲಿ ಚೆದುರಿದ ಕಡೆ ಚುಕ್ಕಿಗಳು ಗೆರೆಯ ಹತ್ತಿರವೇ ಇವೆ, ತೀರಾ ದೊಡ್ಡ ಕೋನಗಳಲ್ಲೂ ಹತ್ತಿರವೇ. ನಡುವೆ ಮಾತ್ರ ದೂರ ಸರಿದಿವೆ. ಅಳತೆ ಕೆಟ್ಟಿದ್ದರೆ ಇಷ್ಟು ಅಚ್ಚುಕಟ್ಟಾಗಿ ಕೆಡುತ್ತದೆಯೇ?

ಈ ವಿದ್ಯೆಯಲ್ಲಿ ಕೋನಕ್ಕೆ ಎರಡು ಲೆಕ್ಕ. ಲ್ಯಾಬಿನಲ್ಲಿ ನಿಂತು ನೋಡಿದ್ದು ಒಂದು, ಡಿಕ್ಕಿಯಾದ ಜೋಡಿಯ ಜೊತೆಗೇ ಸಾಗುತ್ತ ನೋಡಿದಂತೆ ಇನ್ನೊಂದು. ಮೊದಲನೆಯದನ್ನು ಎರಡನೆಯದಕ್ಕೆ ಬದಲಾಯಿಸಿದರೆ ಕೋನ ಹಿಗ್ಗುತ್ತದೆ, ನಡುವಿನಲ್ಲೇ ಹೆಚ್ಚು.

"ಸಾರ್, ನನ್ನ ಕೋನಗಳನ್ನ ನೀವು ಬದಲಾಯಿಸಿದ್ರಾ?"

"ಮತ್ತೆ? ಯಾವ ಸ್ಟೂಡೆಂಟ್ ನೆನಪಿಟ್ಕೊಂಡು ಬದಲಾಯಿಸ್ತಾರೆ ಹೇಳಿ! ನೀವಂತೂ ಬರೀ 'ಕೋನ' ಅಂತ ಬರೆದು ಕೈ ತೊಳ್ಕೊಂಡಿದ್ದೀರಿ. ಎಲ್ಲರದ್ದೂ ನಾನೇ ಮಾಡ್ಕೋತೀನಿ, ಅದು ನನ್ನ ಅಭ್ಯಾಸ."

"ಯಾವ ಕೋನ ಅಂತ ಬರೀದೇ ಇದ್ದಿದ್ದು ನನ್ನ ತಪ್ಪೇ ಸಾರ್. ಆದ್ರೆ ನಾನು ಬದಲಾಯಿಸೇ ಕೊಟ್ಟಿದ್ದೆ. ನೀವು ಎರಡನೇ ಸಲ ಬದಲಾಯಿಸಿದ್ದೀರಿ!"

ಜಯಸಿಂಹರ ಕಿವಿ ಕೆಂಪಾಯಿತು. ಆದರೂ ದೊಡ್ಡ ಮನುಷ್ಯ, ಮಾರ್ಕರ್ ಹಿಡಿದು ಬೋರ್ಡಿಗೆ ನಡೆದು, ಹೀಲಿಯಂ ಗೆರೆ ಎಳೆದೇಬಿಟ್ಟರು.

"ನಿಮ್ಮ ಅಂಕಿಗಳನ್ನ ಇದ್ದ ಹಾಗೇ ಓದಿ."

ಅವಳು ಓದಿದಳು, ಅವರು ಚುಕ್ಕಿಯಿಟ್ಟರು. ಒಂದು ಗೆರೆಯ ಮೇಲೆ ಕೂತಿತು. ಇನ್ನೊಂದೂ ಕೂತಿತು. ನಡುವಿನ ಆ ಹಾಳಾದ ಚುಕ್ಕಿಗಳೂ ಒಂದೊಂದಾಗಿ ತೆಪ್ಪಗೆ ಬಂದು ಕೂತವು. ಲಿಖಿತಾಳ ದನಿ ಏರುತ್ತಲೇ ಹೋಯಿತು.

ಜಯಸಿಂಹ ಮಾರ್ಕರ್ ಇಟ್ಟು ತಿರುಗಿದರು. "ಚಿದಾನಂದ್, ಗಂಟು ಒಳಗೇ ಇತ್ತು ಕಣ್ರೀ! ಡಿಗ್ರಿ ಕೊಡಿ ಅಂತ ಬರೀರಿ, ನಾನು ಸೈನ್ ಹಾಕ್ತೀನಿ."

ವೈವಾ, ಮರ್ಯಾದೆ ಎಲ್ಲ ಮರೆತ ಲಿಖಿತಾ, ಎರಡು ಬೆರಳು ಬಾಯಿಗಿಟ್ಟು, ಜಯನಗರ ಫೋರ್ತ್ ಬ್ಲಾಕಿಗೆಲ್ಲ ಕೇಳುವ ಹಾಗೆ ಶಿಳ್ಳೆ ಹೊಡೆದಳು.