ಏವಿಸಳ ಎಡಗಡೆ

“ನನ್ನ ಪ್ಯಾಂಟು ಎಲ್ಲಿ?” ಎಂದು ಲೆನ್ ಒಳಕೋಣೆಯಿಂದ ಮೂರನೆಯ ಸಲ ಕೇಳಿದಾಗ ಮರ್ನಾ ಅವನ ಅಡುಗೆಮನೆಯಲ್ಲಿ ಸ್ಯಾಂಡ್‌ವಿಚ್ಚುಗಳ ಅಂಚು ಕೊಯ್ಯುತ್ತಿದ್ದಳು. ಮೊದಲೆರಡು ಸಲ ಕೇಳಿಸದವಳಂತೆ ಇದ್ದಳು. ಎಪ್ಪತ್ತನಾಲ್ಕರ ವಯಸ್ಸಿಗೆ ಅಷ್ಟು ರಿಯಾಯಿತಿ ಸಿಗುತ್ತದೆ.

ಹನ್ನೊಂದಕ್ಕೆ ಲೆನ್‌ನ ಹೆಂಡತಿ, ಮರ್ನಾಳ ಹಳೆಯ ಗೆಳತಿ ಏವಿಸಳ ಅಂತ್ಯಕ್ರಿಯೆ. ಲೆನ್‌ಗೆ ಇದ್ದದ್ದು ಒಂದೇ ಸೂಟು. ಬೂದು ಬಣ್ಣ, ಸಣ್ಣ ಬಿಳಿ ಗೀರು. ಕೋಟು ಬಾಗಿಲ ಹಿಂದೆ ನೇತಾಡುತ್ತಿತ್ತು. ಪ್ಯಾಂಟಿನ ಕಾಲಂಚಿನ ಮಡಿಕೆ ಬಿಚ್ಚಿದೆಯೆಂದು ಹೋದ ವಾರ ಏವಿಸ್ ಅದನ್ನು ರಿಪೇರಿ ಬುಟ್ಟಿಗೆ ಹಾಕಿದ್ದಳು. ಅಲ್ಲಿಯವರೆಗಿನ ಚರಿತ್ರೆ ಲೆನ್‌ಗೆ ಗೊತ್ತು. ಮುಂದಿನದು ಮರ್ನಾಳಿಗೆ ಈಗಷ್ಟೇ ಹೊಳೆದಿತ್ತು. ಮಂಗಳವಾರ ಅವಳೇ ಕತ್ತರಿಸಿ ಹೊಲಿದ ಉಡುಗೊರೆ ತುಂಬುವ ನಾಲ್ಕು ಕ್ರಿಸ್ಮಸ್ ಕಾಲುಚೀಲಗಳು ಹೊಲಿಗೆ ಮೇಜಿನ ಮೇಲಿದ್ದವು. ಬಾಯಿಗೆ ಕೆಂಪು ಪಟ್ಟಿ, ಒಳಗೆ ಮಕ್ಕಳಿಗೆ ಕೊಡುವ ಚೆಂಡು. ಮಿಕ್ಕದ್ದೆಲ್ಲ ಬೂದು ಬಣ್ಣ, ಸಣ್ಣ ಬಿಳಿ ಗೀರು.

*

ಮೂವತ್ತೆಂಟು ವರ್ಷದ ಹಿಂದೆ ಪೋರ್ಟ್ ಟ್ರೆವೆನ್ನಿನ ಚರ್ಚಿನಲ್ಲಿ ಮಕ್ಕಳ ಕ್ರಿಸ್ಮಸ್ ಸಂಜೆ ಮುಗಿದ ಮರುದಿನ, ಉಡುಗೊರೆ ಸುತ್ತಿದ್ದ ಕಾಗದವೆಲ್ಲ ಬಡಗಣ ಗಾಳಿಗೆ ಹಾರಿ ರೋವೆಟ್ ಕುಟುಂಬದ ಗೋಧಿ ಹೊಲದ ತಂತಿಬೇಲಿಗೆ ಅಂಟಿಕೊಂಡಿತ್ತು. ಏವಿಸ್ ಮತ್ತು ಮರ್ನಾ ಎರಡು ಗಂಟೆ ಬೇಲಿಯುದ್ದಕ್ಕೂ ನಡೆದು ಅದನ್ನು ಬಿಡಿಸಿದರು. ಬೇಲಿಯ ಕೊನೆಯಲ್ಲಿ ನಿಂತು ಏವಿಸ್, ಬರುವ ವರ್ಷದಿಂದ ಬಟ್ಟೆ, ಎಂದಳು. ಅವಳು ಹೇಳಿದ ಮೇಲೆ ಅದು ಊರಿನ ಕಾನೂನು.

ಅಂದಿನಿಂದ ಊರಿನಲ್ಲಿ ಯಾವ ಬಟ್ಟೆಗೂ ನೆಮ್ಮದಿಯ ಮುಪ್ಪು ಇರಲಿಲ್ಲ. ಸಮವಸ್ತ್ರ, ಪರದೆ, ಮದುಮಗಳ ಗೆಳತಿಯರ ನಿಲುವಂಗಿ, ಎಲ್ಲವೂ ಉಡುಗೊರೆ ಸುತ್ತುವ ಚೌಕ, ದಾರ ಎಳೆಯುವ ಚೀಲ, ಇಲ್ಲವೇ ಚರ್ಚಿನ ಸಭಾಂಗಣದ ಮಾಡಿಗೆ ಕಟ್ಟುವ ಮುಕ್ಕೋನದ ಪತಾಕೆ ಆಗುತ್ತಿದ್ದವು. ಚೌಕಗಳು ಹೊಸ ವರ್ಷದೊಳಗೆ ವಾಪಸು ಬರಬೇಕು. ಬಾರದಿದ್ದರೆ ಏವಿಸ್ ಚಹಾಕ್ಕೆ ಬರುತ್ತಿದ್ದಳು, ಬಟ್ಟೆ ಸಿಗುವವರೆಗೆ ಏಳುತ್ತಿರಲಿಲ್ಲ. ಸಾವಿನ ಮನೆಗೆ ಹೂ ತೆಗೆದುಕೊಂಡು ಹೋಗುತ್ತಾಳೆ, ಪರದೆ ತೆಗೆದುಕೊಂಡು ಬರುತ್ತಾಳೆ ಎಂದು ಜನ ಆಡಿಕೊಳ್ಳುತ್ತಿದ್ದರು.

ಕತ್ತರಿಸುವುದು ಏವಿಸ್, ಹೊಲಿಯುವುದು ಮರ್ನಾ. ಮೇಜಿನ ಆಚೆ ಈಚೆ, ಎದುರುಬದುರು. ಏವಿಸಳ ಎಡಕ್ಕೆ ಕತ್ತರಿಸುವ ಬುಟ್ಟಿ, ಬಲಕ್ಕೆ ರಿಪೇರಿ ಬುಟ್ಟಿ. ಒಮ್ಮೆ ಮಾತ್ರ ಮರ್ನಾ ಕತ್ತರಿ ಕೇಳಿದ್ದಳು.

“ನಿನ್ನ ಕೈಲಾಗಲ್ಲ ಕಣೆ,” ಎಂದಿದ್ದಳು ಏವಿಸ್. “ನಿಂಗೆ ಬಟ್ಟೆ ಕಂಡ್ರೆ ಕರುಣೆ. ಅಯ್ಯೋ ಈ ಫ್ರಾಕು ಇನ್ನೂ ಚೆನ್ನಾಗಿದೆ ಅಂತೀಯ. ಚೆನ್ನಾಗಿರೋದನ್ನ ಕತ್ತರಿಸಿದ್ರೇನೇ ಚೆನ್ನಾಗಿರೋದು ಆಗೋದು.”

ಹೋದ ಶುಕ್ರವಾರ ಏವಿಸ್ ಚಹಾ ಕುಡಿಯುತ್ತ, “ಅಂಚೆ ಕಚೇರಿಯವಳು ಪರದೆ ಬದಲಾಯಿಸ್ತಾಳಂತೆ, ಹಳೇದನ್ನ...” ಎಂದವಳು ವಾಕ್ಯ ಮುಗಿಸದೆಯೇ ಹೋಗಿಬಿಟ್ಟಳು. ಈ ಸಲದ ಅರವತ್ತಮೂರು ಮಕ್ಕಳ ಉಡುಗೊರೆಗಳಲ್ಲಿ ಹತ್ತೊಂಬತ್ತಕ್ಕೆ ಮಾತ್ರ ಬಟ್ಟೆ ಕತ್ತರಿಸಿ ಆಗಿತ್ತು.

ಮಂಗಳವಾರ ಮರ್ನಾ ಮೊದಲ ಸಲ ಏವಿಸಳ ಕುರ್ಚಿಯಲ್ಲಿ ಕುಳಿತಳು. ಮೂವತ್ತೆಂಟು ವರ್ಷ ಅವಳು ಎದುರಿನಿಂದ ನೋಡಿದ್ದು. ಅವಳ ಕಣ್ಣಿಗೆ ಕತ್ತರಿಸುವ ಬುಟ್ಟಿ ಯಾವಾಗಲೂ ಬಲಗಡೆಗೆ. ಕೈ ತಾನಾಗಿ ಬಲಕ್ಕೆ ಹೋಯಿತು. ಪ್ಯಾಂಟು ಸಿಕ್ಕಿತು. ಇನ್ನೂ ಚೆನ್ನಾಗಿದೆಯಲ್ಲ ಎಂದು ಒಂದು ಕ್ಷಣ ಅನ್ನಿಸಿತು. ಈ ಸಲ ಕರುಣೆ ತೋರಿಸಬಾರದೆಂದು ಹಲ್ಲು ಕಚ್ಚಿ, ಮೊಣಕಾಲಿನ ಮೇಲೆ ಸರಿಯಾಗಿ ಕತ್ತರಿ ಇಟ್ಟಳು.

*

ಕಾಲುಚೀಲವೊಂದನ್ನು ಹಿಡಿದು ಅವಳು ಒಳಕೋಣೆಯ ಬಾಗಿಲಿಗೆ ಬಂದಳು. ಲೆನ್ ಬಿಳಿ ಅಂಗಿ, ಕಪ್ಪು ಟೈ, ಕೋಟು, ಅದರ ಕೆಳಗೆ ಒಳಚಡ್ಡಿಯಲ್ಲಿ ಮಂಚದಂಚಿಗೆ ಕುಳಿತಿದ್ದ. ಹೇಳಬೇಕಾದ್ದನ್ನು ಮರ್ನಾ ಒಂದೇ ಉಸಿರಿನಲ್ಲಿ ಹೇಳಿದಳು. ಲೆನ್ ಕಾಲುಚೀಲ ತೆಗೆದುಕೊಂಡು ಮಗುಚಿದ. ಚೆಂಡು ಹೊರಬಿದ್ದು ಮಂಚದ ಕೆಳಗೆ ಹೋಯಿತು. ಅವನು ಒಳಗೆ ಕೈ ಹಾಕಿ ಹೊಲಿಗೆ ಸವರಿದ.

“ಇಪ್ಪತ್ತು ವರ್ಷದಿಂದ ಈ ಪ್ಯಾಂಟು ಕೇಳ್ತಿದ್ಲು,” ಎಂದ. “ನಾನು ಹೆಣ ಆದ್ಮೇಲೆ ಬೇಕಾದ್ರೆ ತಗೋ ಅಂತಿದ್ದೆ.”

ಮರ್ನಾ ಬಗ್ಗಿ ಮಂಚದ ಕೆಳಗಿನ ಚೆಂಡು ಎತ್ತಿಕೊಂಡಳು.

“ತಾನು ಹೆಣ ಆದ್ಮೇಲೆ ತಗೊಂಡ್ಲು,” ಎಂದು ಲೆನ್ ನಕ್ಕ. ಶುಕ್ರವಾರದಿಂದ ಮೊದಲ ನಗು. ಅದಕ್ಕೆ ಕೆಮ್ಮು, ಕಣ್ಣೀರು ಎಲ್ಲ ಸೇರಿಕೊಂಡು ಮುಗಿಯಲು ಸ್ವಲ್ಪ ಹೊತ್ತು ಹಿಡಿಯಿತು.

ನಗುವಿನ ಸದ್ದಿಗೆ ಏವಿಸಳ ತಂಗಿ ಈನಿಡ್ ಓಡಿಬಂದಳು. ಅಡಿಲೇಡ್ ನಗರದಿಂದ ಹಿಂದಿನ ದಿನವಷ್ಟೇ ಬಂದಿದ್ದಳು, ಜೊತೆಗೆ ಮಿರುಗುವ ಕಾಗದದ ಇಪ್ಪತ್ತು ಸುರುಳಿ ತಂದಿದ್ದಳು. ಅಕ್ಕನೇ ಇಲ್ಲದ ಮೇಲೆ ಮರ್ನಾಳಿಗೆ ಈ ಚಿಂದಿಯ ಕಾಟ ಯಾಕೆ ಎಂದು ಅವಳ ಕನಿಕರ. ಶನಿವಾರದ ಮಕ್ಕಳ ಕ್ರಿಸ್ಮಸ್ ಸಂಜೆಗೆ ಕಾಗದವೇ ಇರಲಿ, ಅಂತ್ಯಕ್ರಿಯೆಯ ನಂತರದ ಚಹಾದ ಹೊತ್ತಿಗೆ ನಾನೇ ಎಲ್ಲರಿಗೂ ಹೇಳುತ್ತೇನೆ ಎಂದಳು. ವಿಧುರನ ಪ್ಯಾಂಟು ಕತ್ತರಿಸಿದವಳು ಬೇಡ ಎನ್ನುವುದು ಹೇಗೆ? ಒಂದು ವರ್ಷ ಕಾಗದ ಬಂದರೆ ಬಟ್ಟೆ ಮತ್ತೆ ಬರುವುದಿಲ್ಲ ಎಂಬುದು ಮರ್ನಾಳಿಗೆ ಗೊತ್ತಿತ್ತು. ಹಾಗೇ ಆಗಲಿ ಎಂದು ಸ್ಯಾಂಡ್‌ವಿಚ್ಚುಗಳ ಮೇಲೆ ಒದ್ದೆ ಬಟ್ಟೆ ಹೊದಿಸಿದಳು.

ಲೆನ್ ಕೋಟಿನ ಕೆಳಗೆ ನೀಲಿ ಚಡ್ಡಿ, ಮೊಣಕಾಲಿನವರೆಗೆ ಬಿಳಿ ಕಾಲುಚೀಲ ಹಾಕಿಕೊಂಡು ಹೆಂಡತಿಯನ್ನು ಕಳಿಸಿಕೊಟ್ಟ. ಯಾರೂ ತಪ್ಪು ತಿಳಿಯಲಿಲ್ಲ. ಇಲ್ಲಿ ಕ್ರಿಸ್ಮಸ್ ಎಂದರೆ ಬೇಸಿಗೆ, ಕೊಯ್ಲಿನ ಕಾಲ, ಅರ್ಧ ಗಂಡಸರು ಯಂತ್ರ ನಿಲ್ಲಿಸಿ ನೇರ ಹೊಲದಿಂದ ಬಂದಿದ್ದರು, ಮೇಲೆ ಟೈ, ಕೆಳಗೆ ಅವರೂ ಚಡ್ಡಿಯೇ. ಪಾದ್ರಿ ಮಣ್ಣಿಗೆ ಮಣ್ಣು ಎನ್ನುವಾಗ ಆ ಗಂಡಸರ ಕೂದಲಿನಿಂದ ಗೋಧಿಯ ಹೊಟ್ಟು ಉದುರುತ್ತಿತ್ತು.

*

ಸಭಾಂಗಣದಲ್ಲಿ ಚಹಾದ ಹಂಡೆ ಕುದಿಯುತ್ತಿತ್ತು, ಹೊರಗೆ ನಲವತ್ತೊಂದು ಡಿಗ್ರಿ. ಅಂತ್ಯಕ್ರಿಯೆಯ ದಿನ ಕ್ರಿಸ್ಮಸ್ ಪತಾಕೆ ಇಳಿಸಬೇಕಲ್ಲವೇ ಎಂದು ಈನಿಡ್ ಬೆಳಿಗ್ಗೆ ಕೇಳಿದ್ದಕ್ಕೆ, ಇಳಿಸಿದರೆ ಅವಳು ಎದ್ದು ಬರುತ್ತಾಳೆ ಎಂದು ಲೆನ್ ಹೇಳಿದ್ದ. ಈಗ ಎಲ್ಲರೂ ಕತ್ತೆತ್ತಿ ತಮ್ಮ ತಮ್ಮ ಬಟ್ಟೆ ಹುಡುಕುತ್ತಿದ್ದರು. ಅದು ನನ್ನ ಫುಟ್ಬಾಲ್ ಅಂಗಿ, ಅದು ಅಮ್ಮನ ಏಪ್ರನ್ನು. ಕೆಲ್ವಿನ್ ರೋವೆಟ್, ಅದೇ ಬೇಲಿಯ ಒಡೆಯ, ಹಸಿರು ಹೂವಿನದು ನಮ್ಮ ಸೋಫಾ, ಅದರ ಮೇಲೇ ನನ್ನ ಮದುವೆ ನಿಶ್ಚಯವಾದದ್ದು, ಎಂದಾಗ ಅವನ ಹೆಂಡತಿ ಬೇರೆ ಮಾತು ತೆಗೆದಳು. ಲೆನ್ ತನ್ನ ಪ್ಯಾಂಟಿನ ಕತೆ ಹೇಳಿದ. ಹಂಡೆಯ ಬಳಿ ಮರ್ನಾ ತಲೆ ತಗ್ಗಿಸಿ ಬಟ್ಟಲು ತೊಳೆಯುತ್ತಿದ್ದಳು. ನಗುವಿನ ನಡುವೆ ಈನಿಡ್ ಚಮಚದಿಂದ ಲೋಟ ಬಡಿದು, ಕಾಗದದ ವಿಷಯ ಹೇಳಿದಳು.

ಎಲ್ಲರೂ ಮರ್ನಾಳ ಕಡೆ ನೋಡಿದರು.

“ನನ್ನನ್ನೇನು ನೋಡ್ತೀರಿ,” ಎಂದಳು ಅವಳು. “ಎಡ ಯಾವುದು ಬಲ ಯಾವುದು ಅಂತ ಗೊತ್ತಿಲ್ದೋಳು ನಾನು.”

ಕೆಲ್ವಿನ್ ಬಟ್ಟಲು ಕೆಳಗಿಟ್ಟ. ಕೊರಳಿಗೆ ಕೈ ಹಾಕಿ, ಗಂಟು ಸಡಿಲಿಸಿ, ಟೈ ಎಳೆದು ಅವಳ ಮುಂದಿನ ಮೇಜಿನ ಮೇಲೆ ಇಟ್ಟ. ಕಡು ಕೆಂಪು, ಮಿನುಗುವ ಬಟ್ಟೆ.

ಮರ್ನಾ ಒದ್ದೆ ಕೈ ಒರೆಸಿಕೊಂಡು ಮುಟ್ಟಿ ನೋಡಿದಳು. “ರೇಷ್ಮೆ ಕಣಯ್ಯ ಇದು. ಇನ್ನೂ ಚೆನ್ನಾಗಿದೆ.”

“ಚೆನ್ನಾಗೇ ಇದೆ,” ಎಂದ ಕೆಲ್ವಿನ್. “ಕತ್ತರಿಸು.”

ಅವನ ಹಿಂದೆ ಲೆನ್ ತನ್ನದನ್ನು ಬಿಚ್ಚುತ್ತಿದ್ದ. ಅವನ ಹಿಂದೆ ಇನ್ನೊಬ್ಬ. ಈನಿಡ್ ಸ್ಯಾಂಡ್‌ವಿಚ್ಚಿನ ತಟ್ಟೆಗಳನ್ನು ಸರಿಸಿ ಮೇಜಿನಲ್ಲಿ ಜಾಗ ಮಾಡಿಕೊಟ್ಟಳು. ಮರ್ನಾ ರೇಷ್ಮೆಯನ್ನು ಎರಡು ಬೆರಳಲ್ಲಿ ಚಪ್ಪಟೆ ಮಾಡಿದಳು, ಗೋಧಿಯ ಹೊಟ್ಟು ಊದಿದಳು, ಕತ್ತರಿ ತೆಗೆದು ಕತ್ತರಿಸಿದಳು.

ಮೂರು ಗಂಟೆಗೆ ಕೊಯ್ಲಿಗೆ ಹೊರಟಾಗ ಟೈ ಇಲ್ಲದೆ ಗಂಡಸರೆಲ್ಲರ ಕಾಲರು ತೆರೆದಿತ್ತು. ಬಿಸಿಲಿಗೆ ಇಟ್ಟಿಗೆಯಾದ ಮುಖಗಳ ಕೆಳಗೆ ಒಬ್ಬೊಬ್ಬರ ಕತ್ತಿನಲ್ಲೂ ಹಾಲಿನಷ್ಟು ಬಿಳಿಯ, ಪತಾಕೆಯಂಥ ಒಂದೊಂದು ಮುಕ್ಕೋನ.